ಜರ್ಮನೀಲಿ ನಿಪ್ಪಟ್ಟು ಮಾರೋದು ಅಂದ್ರೆ

ಊರಿಂದ ಯಾರು ಫೋನ್ ಮಾಡಿದ್ರೂ ಈಗ ಅದೇ ಪ್ರಶ್ನೆ, ಅಲ್ಲಿ ನಿಪ್ಪಟ್ಟು ಕೋಡುಬಳೆ ಎಲ್ಲಾ ಸಖತ್ತಾಗಿ ಹೋಗುತ್ತಂತೆ, ಒಳ್ಳೆ ದುಡ್ಡಂತೆ ಅಂತ. ಹೋಗುತ್ತೆ, ಇಲ್ಲ ಅನ್ನಲ್ಲ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರ್ ಕಂಪನಿ, ಐಟಿ ಅಂತ ಬಂದಿರೋ ನಮ್ಮೋರು ಬೇಕಾದಷ್ಟು ಜನ ಇದಾರೆ, ದೀಪಾವಳಿ ಹತ್ರ ಬಂತು ಅಂದ್ರೆ ಕರಿದು ಕರಿದು ಕೈ ಸೋತು ಹೋಗುತ್ತೆ. ಆದ್ರೆ ಪರಿಚಯದೋರಿಗೆ ಡಬ್ಬೀಲಿ ಹಾಕಿ ಕೊಡೋದು ಬೇರೆ, ಪ್ಯಾಕೆಟ್ ಮಾಡಿ ಅಂಗಡಿ ಶೆಲ್ಫಿಗೆ ಇಡೋದೇ ಬೇರೆ. ನಾನೂ ನನ್ನ ಫ್ರೆಂಡೂ ಸೇರ್ಕೊಂಡು ಶನಿವಾರ ಭಾನುವಾರ ಒಂದು ಕಿಚನ್ ಬಾಡಿಗೆ ತಗೊಂಡು ಮಾಡ್ತೀವಿ. ವ್ಯಾಪಾರದ ರಿಜಿಸ್ಟ್ರೇಷನ್, ಆಹಾರ ಇಲಾಖೆಗೆ ತಿಳಿಸೋದು, ಎಣ್ಣೆ ಎಷ್ಟು ಕಾದಿತ್ತು, ಯಾವಾಗ ಬದಲಾಯಿಸಿದ್ವಿ ಅನ್ನೋ ಲೆಕ್ಕ, ಇದೆಲ್ಲ ಒಂದು ಸಲ ಅಭ್ಯಾಸ ಆದ್ರೆ ಕಷ್ಟ ಅಲ್ಲ. ನಿಜವಾದ ಕಷ್ಟ ಇರೋದು ಪ್ಯಾಕೆಟ್ಟಿನ ಹಿಂಭಾಗದಲ್ಲಿ.

ಇಂಗಿನ ವಿಷಯ ಹೇಳ್ತೀನಿ ಕೇಳಿ. ಇನ್ಸ್‌ಪೆಕ್ಷನ್‌ಗೆ ಬಂದಿದ್ದ ಮೇಡಂ ಅಕ್ಕಿ ಹಿಟ್ಟು ನೋಡಿದ್ರು, ಎಣ್ಣೆ ನೋಡಿದ್ರು, ಬ್ಯಾಡಗಿ ಮೆಣಸಿನಪುಡಿ ಬಿಲ್ ನೋಡಿದ್ರು, ಕೊನೆಗೆ ಮೂಲೇಲಿದ್ದ ಇಂಗಿನ ಡಬ್ಬಿ ಎತ್ಕೊಂಡು, ಕನ್ನಡಕ ಹಣೆ ಮೇಲಕ್ಕೆ ಏರಿಸಿ, ಅದರ ಚೀಟಿ ಓದಕ್ಕೆ ಶುರು ಮಾಡಿದ್ರು. ಗೋಧಿ ಹಿಟ್ಟು, ಗೋಂದು, ಇಂಗು. ನಾವು ಅಂಗಡೀಲಿ ತಗೊಳೋ ಪುಡಿ ಇಂಗು ಬರೀ ಇಂಗಲ್ಲ ಅಲ್ವಾ, ಅದರ ಘಾಟು ತಡೆಯೋಕಾಗಲ್ಲ ಅಂತ ಹಿಟ್ಟು ಬೆರೆಸಿರ್ತಾರೆ. ಹಾಗಾಗಿ ಪೂರ್ತಿ ಅಕ್ಕಿ ಹಿಟ್ಟು ಉದ್ದಿನ ಹಿಟ್ಟಲ್ಲೇ ಮಾಡಿದ ತೇಂಗೊಳಲಿಗೂ ಒಂದು ಚಿಟಿಕೆ ಇಂಗು ಬಿತ್ತು ಅಂದ್ರೆ ಇಲ್ಲಿನ ಕಾನೂನಿನ ಪ್ರಕಾರ ಅದರಲ್ಲಿ ಗೋಧಿ ಇದೆ, ದಪ್ಪ ಅಕ್ಷರದಲ್ಲೋ ಇನ್ನೊಂದು ಥರಾನೋ ಎದ್ದು ಕಾಣೋ ಹಾಗೆ ಬರೀಲೇಬೇಕು. ಗ್ಲುಟೆನ್ ಅಂದ್ರೆ ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನು, ಗ್ಲುಟೆನ್ ಫ್ರೀ ಅಂತ ಹಾಕ್ಬೇಕಾದ್ರೆ ಅದು ಕೇಜಿಗೆ 20 ಮಿಲಿಗ್ರಾಂ ಮೀರೋ ಹಾಗಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತೆ, ತೇಂಗೊಳಲಿಗೆ ಅದೇ ಡಬ್ಬಿ ತರ್ತೀವಿ, ಅಷ್ಟಾದ್ರೂ ಗ್ಲುಟೆನ್ ಫ್ರೀ ಅಂತ ಹಾಕಲ್ಲ, ಪಕ್ಕದ ಬಾಣಲೇಲೇ ಮೈದಾ ಹಾಕಿದ ನಿಪ್ಪಟ್ಟು ಬೇಯ್ತಿರುತ್ತಲ್ಲ.

ಯೂರೋಪಿಯನ್ ಯೂನಿಯನ್‌ನ 2011ರ ಒಂದು ಕಾಯ್ದೆ ಇದೆ, 1169 ಅದರ ನಂಬರು, 2014ರ ಡಿಸೆಂಬರ್‌ನಿಂದ ಜಾರಿ. ಅದರಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ, ಅದನ್ನ ನೋಡಿದ್ರೆ ನಮ್ಮ ಅಡುಗೆಮನೆ ಡಬ್ಬಗಳನ್ನ ಮುಂದಿಟ್ಕೊಂಡೇ ಬರೆದಿದಾರೇನೋ ಅನ್ಸುತ್ತೆ. ನಿಪ್ಪಟ್ಟಿಗೆ ಕಡ್ಲೆಬೀಜ, ಎಳ್ಳು, ಮೈದಾ, ಚಿರೋಟಿ ರವೆ, ಎಲ್ಲಾ ಪಟ್ಟೀಲಿವೆ. ಅವಲಕ್ಕಿ ಚೌಚೌಗೆ ಒಗ್ಗರಣೆ ಹಾಕಿದ್ರೆ ಸಾಸಿವೆ, ಅದೂ ಇದೆ. ಗೋಡಂಬಿ ಇದೆ. ಕೊಬ್ಬರಿ ಮಾತ್ರ ಇಲ್ಲ, ಹುರಿಗಡಲೆ ಇಲ್ಲ, ಕೋಡುಬಳೆಗೆ ಅಷ್ಟಾದ್ರೂ ರಿಯಾಯ್ತಿ ಸಿಕ್ತು.

ಅಕ್ಷರದ ಸೈಜಿಗೂ ಅಳತೆ ಇದೆ, ಇಂಗ್ಲಿಷಿನ ಸಣ್ಣ ಎಕ್ಸ್ 1.2 ಮಿಲಿಮೀಟರಿಗಿಂತ ಚಿಕ್ಕದಾಗಿರಬಾರದು. ಕನ್ನಡದಲ್ಲಿ ಎಷ್ಟು ದೊಡ್ಡದಾಗಿ ಬೇಕಾದ್ರೂ ಬರ್ಕೊಳ್ಳಿ, ಯಾರೂ ಬೇಡ ಅನ್ನಲ್ಲ, ಆದ್ರೆ ಜರ್ಮನ್ ಇರ್ಲೇಬೇಕು. ಎಣ್ಣೆ ಅಂತ ಸುಮ್ನೆ ಬರೆಯೋ ಹಾಗಿಲ್ಲ, ಪಾಮಾಯಿಲೋ ಸೂರ್ಯಕಾಂತಿನೋ ಹೇಳ್ಬೇಕು. ಇನ್ನೊಂದು ನಿಯಮ ನಂಗೆ ತುಂಬಾ ಇಷ್ಟ, ಹೆಸರಲ್ಲಿ ಯಾವ ಪದಾರ್ಥ ಹೇಳ್ತೀರೋ ಅದು ಶೇಕಡಾ ಎಷ್ಟಿದೆ ಅಂತ ಬರೀಬೇಕು. ರಾಗಿ ಚಕ್ಕುಲಿ ಅಂದ್ರೆ ರಾಗಿ ಎಷ್ಟು, ಬೆಣ್ಣೆ ಮುರುಕು ಅಂದ್ರೆ ಬೆಣ್ಣೆ ಎಷ್ಟು. ನಮ್ಮೂರಲ್ಲೂ ಹೀಗೆ ಬರೀಬೇಕು ಅಂದ್ರೆ ಎಷ್ಟು ಬೆಣ್ಣೆ ಮುರುಕುಗಳು ಹೆಸರು ಬದಲಾಯಿಸ್ಕೋತವೋ ನೋಡ್ಬೇಕು!

ಹಾಸನದಲ್ಲಿ ನಮ್ಮ ಭಾವಂದು ಕಾಂಡಿಮೆಂಟ್ಸ್ ಅಂಗಡಿ, ಅವರಿಗಂತೂ ಇದ್ಯಾವುದೂ ತಲೆಗೇ ಹೋಗಲ್ಲ. "ನೀನ್ಯಾಕೆ ಅಲ್ಲಿ ಕಿಚನ್ ಬಾಡಿಗೆ ಕಟ್ಕೊಂಡು ಒದ್ದಾಡ್ತೀಯಾ ಪುಟ್ಟಿ, ಇಲ್ಲಿಂದ ಮಾಲು ಕಳಿಸ್ತೀನಿ, ನೀನು ಮಾರು" ಅಂತಾರೆ. ಭಾವ, ನೀವು ಕಳಿಸಿದ್ರೆ ಪ್ಯಾಕೆಟ್ ಮೇಲೆ ಇಂಪೋರ್ಟ್ ಮಾಡ್ದೋಳು ಅಂತ ನನ್ನ ಹೆಸರು, ನನ್ನ ಮನೆ ಅಡ್ರೆಸ್ ಬರುತ್ತೆ, ಏನಾದ್ರೂ ಆದ್ರೆ ಹಾಸನಕ್ಕೆ ಯಾರೂ ಬರಲ್ಲ, ನನ್ನ ಬಾಗಿಲಿಗೆ ಬರ್ತಾರೆ ಅಂದೆ. 2020ರಲ್ಲಿ ಎಳ್ಳಿನ ಗಲಾಟೆ ನೆನಪಿದೆಯಾ? ಇಂಡಿಯಾದಿಂದ ಬಂದ ಎಳ್ಳಲ್ಲಿ ಎಥಿಲೀನ್ ಆಕ್ಸೈಡ್ ಇದೆ ಅಂತ ಬೆಲ್ಜಿಯಂನೋರು ಸೆಪ್ಟೆಂಬರ್‌ನಲ್ಲಿ ಕಂಡುಹಿಡಿದ್ರು, ಕ್ರಿಮಿ ಸಾಯಿಸೋಕೆ ಹಾಕೋ ಗ್ಯಾಸ್ ಅದು, ಇಲ್ಲಿ ಆಹಾರಕ್ಕೆ ಹಾಕೋ ಹಾಗೇ ಇಲ್ಲ. ಎಳ್ಳು ಉದುರಿಸಿದ ಬ್ರೆಡ್ಡಿಂದ ಹಿಡಿದು ಬಿಸ್ಕತ್ತಿನ ತನಕ ದೇಶ ದೇಶದಲ್ಲಿ ಶೆಲ್ಫಿಂದ ವಾಪಸ್ ತೆಗೆಸಿದ್ರು, ಅಕ್ಟೋಬರ್ ಅಷ್ಟೊತ್ತಿಗೆ ನಮ್ಮ ದೇಶದ ಎಳ್ಳಲ್ಲಿ ಅರ್ಧಕ್ಕರ್ಧ ಲೋಡನ್ನ ಬಾರ್ಡರಲ್ಲೇ ಟೆಸ್ಟ್ ಮಾಡಬೇಕು ಅಂತ ರೂಲ್ ಬಂತು. ಚಕ್ಕುಲಿ ಮೇಲಿನ ನಾಲ್ಕು ಕಾಳಿಗೂ ಪೇಪರ್ ಕೇಳೋ ಊರು ಇದು.

ಭಾವಂದು ಬೆಣ್ಣೆ ಮುರುಕು ಫೇಮಸ್ಸು. ಆದ್ರೆ ಸೂಟ್‌ಕೇಸಲ್ಲೇ ಇಂಡಿಯಾದಿಂದ ಹಾಲಿನ ಪದಾರ್ಥ ತರೋಕೆ ಬಿಡಲ್ಲ ಇವ್ರು, ಇನ್ನು ಬೆಣ್ಣೆ ಹಾಕಿದ ಮಾಲನ್ನ ವ್ಯಾಪಾರಕ್ಕೆ ತರೋದು ದೂರದ ಮಾತು. ವನಸ್ಪತಿ ಹಾಕಿದ್ರೆ ಅದಕ್ಕೂ ಲೆಕ್ಕ, 2021ರ ಏಪ್ರಿಲ್‌ನಿಂದ 100 ಗ್ರಾಂ ಕೊಬ್ಬಲ್ಲಿ ಫ್ಯಾಕ್ಟರಿ ಟ್ರಾನ್ಸ್ ಫ್ಯಾಟು, ಅಂದ್ರೆ ಎಣ್ಣೆ ಗಟ್ಟಿ ಮಾಡೋವಾಗ ಹುಟ್ಟೋ ಕೆಟ್ಟ ಕೊಬ್ಬು, 2 ಗ್ರಾಂ ದಾಟೋ ಹಾಗಿಲ್ಲ. ಅಲ್ಲಿನ ಪ್ಯಾಕೆಟ್ಟಲ್ಲಿ ಸೋಡಿಯಂ ಅಂತ ಇರುತ್ತೆ, ಇಲ್ಲಿ ಉಪ್ಪು ಅಂತ ಇರ್ಬೇಕು, ಸೋಡಿಯಂನ ಎರಡೂವರೆಯಿಂದ ಗುಣಿಸ್ಕೋಬೇಕು. ಕೊನೇದಾಗಿ ಅವರ ರಾಗಿ ಚಕ್ಕುಲಿ ಕವರ್ ಮೇಲೆ "ಶುಗರ್ ಇರೋರಿಗೂ ಒಳ್ಳೇದು" ಅಂತ ಪ್ರಿಂಟಾಗಿದೆ. ಕಾಯಿಲೆ ಹೆಸರೆತ್ತಿ ತಿಂಡಿ ಮಾರೋದು ಇಲ್ಲಿ ನಿಷೇಧ, ಫೈಬರ್ ಜಾಸ್ತಿ ಅಂತ ಹೇಳ್ಬೇಕಾದ್ರೂ 100 ಗ್ರಾಮಿಗೆ 6 ಗ್ರಾಂ ಇರ್ಲೇಬೇಕು. "ಹಂಗಾದ್ರೆ ಏನಂತ ಬರೀಲಿ?" ಅಂದ್ರು. ರಾಗಿ ಚಕ್ಕುಲಿ ಅಂತ ಬರೀರಿ ಭಾವ, ಪಕ್ಕದಲ್ಲಿ ಪರ್ಸೆಂಟು ಹಾಕಿ.

ನಮ್ಮಂಥ ಚಿಕ್ಕೋರಿಗೆ ಒಂದು ವಿನಾಯ್ತಿ ಇದೆ. ಸ್ವಲ್ಪ ಸ್ವಲ್ಪ ಮಾಡಿ ನೇರ ಗಿರಾಕಿಗೋ ಸುತ್ತಲಿನ ಅಂಗಡಿಗೋ ಕೊಡೋರು ಕ್ಯಾಲರಿ ಟೇಬಲ್ ಹಾಕದಿದ್ರೂ ನಡೆಯುತ್ತೆ. ಕವರ್ ಲೆಕ್ಕದಲ್ಲಿ ಮಾತ್ರ ವಿನಾಯ್ತಿ ಇಲ್ಲ, 2019ರಿಂದ ಇರೋ ಪ್ಯಾಕೇಜಿಂಗ್ ಕಾನೂನಿನ ಪ್ರಕಾರ ಲುಸಿಡ್ ಅನ್ನೋ ರಿಜಿಸ್ಟರಲ್ಲಿ ಹೆಸರು ಬರೆಸಿ, ಅದು ಫ್ರೀ, ಆಮೇಲೆ ವರ್ಷಕ್ಕೆ ಎಷ್ಟು ಕೇಜಿ ಪ್ಲಾಸ್ಟಿಕ್ ಹೊರಗೆ ಬಿಡ್ತೀವಿ ಅಂತ ಹೇಳಿ ಅದರ ರೀಸೈಕ್ಲಿಂಗಿಗೆ ದುಡ್ಡು ಕಟ್ಬೇಕು. ಒಂದು ಪ್ಯಾಕೆಟ್ಟಾದ್ರೂ ಅಷ್ಟೇ, ಲಕ್ಷ ಪ್ಯಾಕೆಟ್ಟಾದ್ರೂ ಅಷ್ಟೇ.

ಮತ್ತೆ ದುಡ್ಡು? 150 ಗ್ರಾಂ ನಿಪ್ಪಟ್ಟು 4 ಯೂರೋ 50 ಸೆಂಟ್ ಅಂದ್ರೆ ಯಾರೂ ಮುಖ ಸಿಂಡರಿಸಲ್ಲ. ಆದ್ರೆ ಅಂಗಡಿಯೋರು ಬೆಲೆ ಚೀಟೀಲಿ ಕೇಜಿ ರೇಟೂ ಹಾಕ್ಬೇಕು, 2022ರ ಮುಂಚೆ ಚಿಕ್ಕ ಪ್ಯಾಕೆಟ್ಟಿಗೆ 100 ಗ್ರಾಮಿನ ರೇಟ್ ಹಾಕಿದ್ರೆ ಸಾಕಿತ್ತು, ಈಗ ಆಗಲ್ಲ. ಹಾಗಾಗಿ ಸಾಲಾಗಿ ಜೋಡಿಸಿಟ್ಟ ಪಾಪ್ರಿಕಾ ಚಿಪ್ಸ್ ಪಕ್ಕದಲ್ಲಿ ನಮ್ಮ ನಿಪ್ಪಟ್ಟು, ಕೇಜಿಗೆ 30 ಯೂರೋ ಅಂತ ಬೋರ್ಡ್ ಹಾಕ್ಕೊಂಡು ಕೂತಿರುತ್ತೆ. ನಮ್ಮೋರು ಅದನ್ನ ನೋಡಿ ರೂಪಾಯಿಗೆ ಲೆಕ್ಕ ಹಾಕಿ ಹೌಹಾರಿ, ಬೈಕೊಂಡೇ ಎರಡು ಪ್ಯಾಕೆಟ್ ತಗೋತಾರೆ. ಜರ್ಮನ್ನೋರು ರೇಟ್ ನೋಡಲ್ಲ ಅಂತಲ್ಲ, ಅವರು ಮೊದ್ಲು ಪ್ಯಾಕೆಟ್ ತಿರುಗಿಸಿ ಹಿಂದೆ ಪೂರ್ತಿ ಓದ್ತಾರೆ, ನಿಂತಲ್ಲೇ, ಎರಡೆರಡು ನಿಮಿಷ. ಹಾಲಿಲ್ಲ, ಮೊಟ್ಟೆ ಇಲ್ಲ ಅಂತ ಗೊತ್ತಾದ್ರೆ ವೀಗನ್ ಹುಡುಗ್ರು ಕೋಡುಬಳೆಗೆ ಮುಗಿಬೀಳ್ತಾರೆ, ಅದಕ್ಕೆ ನಾವು ಏನೂ ಮಾಡಿದ್ದಲ್ಲ, ಕೋಡುಬಳೆ ಮೊದಲಿಂದ ಇರೋದೇ ಹಾಗೆ. ಬಾಡಿಗೆ, ಕರೆಂಟು, ಲೇಬಲ್ಲು ಕಳೆದು ಉಳಿಯೋದು ಅಷ್ಟಕ್ಕಷ್ಟೇ, ಕೆಲಸ ಬಿಟ್ಟು ಇದನ್ನೇ ಮಾಡೋ ಯೋಚನೆ ಸದ್ಯಕ್ಕೆ ಇಬ್ಬರಿಗೂ ಇಲ್ಲ.