ಕುಣಿಯುವ ಮುಳ್ಳು

9 ಆಗಸ್ಟ್ 2025, ಶನಿವಾರ

ನಮ್ಮ ಪುಟ್ಟ ವಿಮಾನದ ಆಂಪ್ ಮೀಟರ್ ಮುಳ್ಳು ಇವತ್ತೂ ಕುಣಿಯಿತು. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಶುರು. ವೋಲ್ಟೇಜ್ 13.6ಕ್ಕೆ ಇಳಿಯುತ್ತದೆ, 14.6ಕ್ಕೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ, ಒಂದು ಕಡೆ ನಿಲ್ಲುವುದೇ ಇಲ್ಲ. ಕೊನೆಗೆ ಇನ್ನೂ ಮೇಲಕ್ಕೆ ಜಿಗಿಯಿತು, ಫೀಲ್ಡ್ ಬ್ರೇಕರ್, ಅಂದರೆ ಆಲ್ಟರ್ನೇಟರ್ ಒಳಗಿನ ಅಯಸ್ಕಾಂತದ ಸುರುಳಿಗೆ ಕರೆಂಟ್ ಹೋಗುವ ದಾರಿಯ ಬ್ರೇಕರ್, ಟಪ್ ಅಂತ ಹಾರಿತು. ಪ್ರೊಪೆಲ್ಲರ್ ನಿಂತ ಮೇಲೂ ಮಾವ ಸೀಟಿನಿಂದ ಏಳಲಿಲ್ಲ.

ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನಲ್ಲಿ ತೊಂದರೆ ಇಲ್ಲ. ಜೆ.ಸಿ. ರೋಡಿನ ಭಾಯ್ ಅದನ್ನು ಬೆಂಚಿಗೆ ಹಾಕಿ ತಿರುಗಿಸಿ ನೋಡಿ, "ಡೈನಮೋ ಚೆನ್ನಾಗಿದೆ ಸಾರ್, ಕಟ್‌ಔಟ್ ಬದಲಾಯಿಸಿ" ಅಂದಿದ್ದರು. ಅವರು ಕಟ್‌ಔಟ್ ಅಂದದ್ದು ರೆಗ್ಯುಲೇಟರ್‌ಗೆ, ಫೀಲ್ಡ್‌ಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನೋಡಿಕೊಳ್ಳೋದು ಅದೇ. ಹೊಸದು ಹಾಕಿದ್ದಾಯಿತು, ಬೆಲ್ಟ್ ಬಿಗಿ ಮಾಡಿದ್ದಾಯಿತು, ಅರ್ಥಿಂಗ್ ಉಜ್ಜಿದ್ದಾಯಿತು. ಕುಣಿತ ಮಾತ್ರ ಹಾಗೇ ಇದೆ.

ಪಕ್ಕದ ಹ್ಯಾಂಗರಿನ ಹುಡುಗ ಬಂದು ನೋಡಿ, "5 ಆಂಪ್ ಬ್ರೇಕರ್ ತೆಗೆದು 10 ಹಾಕಿಬಿಡಿ, ಸುಮ್ನೆ ಯಾಕೆ ತಲೆನೋವು" ಅಂದ. ಮಾವ ಎಂದೂ ದನಿ ಎತ್ತುವವರಲ್ಲ. ಇವತ್ತು ಎತ್ತಿದರು. "ಹಾರೋದೇ ಅದರ ಕೆಲಸ ಕಣಪ್ಪ! ವೋಲ್ಟೇಜ್ 16 ದಾಟಿದರೆ ರಕ್ಷಣೆಯ ಸರ್ಕ್ಯೂಟ್ ಶಾರ್ಟ್ ಮಾಡಿ ಅದನ್ನ ಕೂಡಲೇ ಹಾರಿಸಲಿ, ಫೀಲ್ಡ್ ಕಟ್ ಆಗಲಿ ಅಂತ ತಾನೇ ಅಷ್ಟು ಚಿಕ್ಕದು ಇಟ್ಟಿರೋದು? ಅದು ಹಾರದೇ ಹೋದರೆ ರೇಡಿಯೋ, ಸ್ಕ್ರೀನು ಎಲ್ಲಾ ಸುಟ್ಟು ಹೋಗುತ್ತೆ." ಹುಡುಗ ಪೆಚ್ಚಾದ. ನನಗೆ ಮಾವನ ಮೇಲೆ ಪ್ರೀತಿ ಉಕ್ಕಿತು. ಎಚ್‌ಎಎಲ್‌ನಿಂದ ರಿಟೈರ್ ಆಗಿ ಇಷ್ಟು ವರ್ಷ ಆದರೂ ಆ ಶಿಸ್ತು ಒಂಚೂರೂ ಸಡಿಲ ಆಗಿಲ್ಲ.

ನಿನ್ನೆಯ ಹಬ್ಬದ ಹೋಳಿಗೆ ತಿನ್ನುತ್ತಾ ರೆಕ್ಕೆ ಕೆಳಗೆ ಕೂತೆವು. ಮಾವ ಇದ್ದಕ್ಕಿದ್ದಂತೆ, ಎಲ್ಲಾ ಉಪಕರಣಕ್ಕೂ ಕರೆಂಟ್ ಹಂಚುವ ಪಟ್ಟಿಯಾದ ಬಸ್ ಬಾರ್ ಬಗ್ಗೆ ಕೇಳಿದರು.

"ಬಸ್ ಬಾರ್‌ನಲ್ಲಿ ಎಷ್ಟು ವೋಲ್ಟ್ ಇದೆ ಅಂತ ರೆಗ್ಯುಲೇಟರ್‌ಗೆ ಯಾರು ಹೇಳೋದು?"

"ಫೀಲ್ಡ್‌ಗೆ ಕರೆಂಟ್ ಕೊಡೋ ವೈರೇ ಅಲ್ವಾ ಮಾವ? ಇದರಲ್ಲಿ ಬೇರೆ ಸೆನ್ಸ್ ವೈರ್ ಇಲ್ಲ."

"ಆ ವೈರು ಸುಳ್ಳು ಹೇಳ್ತಿದ್ದರೆ?"

ಅಷ್ಟೇ ಸಾಕಾಯಿತು. ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಇದ್ದರೆ ರೆಗ್ಯುಲೇಟರ್‌ಗೆ ವೋಲ್ಟೇಜ್ ಕಮ್ಮಿ ಕಾಣುತ್ತದೆ, ಅದು ಫೀಲ್ಡ್‌ಗೆ ಇನ್ನೂ ಜಾಸ್ತಿ ಕರೆಂಟ್ ಬಿಡುತ್ತದೆ, ಬಸ್ ವೋಲ್ಟೇಜ್ ಏರುತ್ತದೆ. ಸಾಕು ಅಂತ ಫೀಲ್ಡ್ ತಗ್ಗಿಸಿದ ಕೂಡಲೇ ವೈರಿನಲ್ಲಿ ಕರೆಂಟ್ ಕಮ್ಮಿ, ಹಾಗಾಗಿ ಅಲ್ಲಿ ಬೀಳುತ್ತಿದ್ದ ವೋಲ್ಟೇಜೂ ಕಮ್ಮಿ. ಈಗ ಅದಕ್ಕೆ ದಿಢೀರ್ ಅಂತ ಜಾಸ್ತಿ ಕಾಣುತ್ತದೆ, ಇನ್ನೂ ತಗ್ಗಿಸುತ್ತದೆ. ಹೀಗೇ ಮೇಲೆ ಕೆಳಗೆ. ಪಾಪ, ಹೊಸ ರೆಗ್ಯುಲೇಟರ್ ತನಗೆ ಕಂಡದ್ದಕ್ಕೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಇದನ್ನು ಅಳೆಯೋಕೆ ಎಂಜಿನ್ ಓಡಿಸಬೇಕಿಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. ಎಂಜಿನ್ ನಿಂತಿದ್ದಾಗ ಆಲ್ಟರ್ನೇಟರ್ ಸ್ವಿಚ್ ಹಾಕಿದರೆ, ಬಸ್‌ನಲ್ಲಿರೋದು ಬರೀ ಬ್ಯಾಟರಿಯ 12 ಚಿಲ್ಲರೆ ವೋಲ್ಟ್. ರೆಗ್ಯುಲೇಟರ್ ಪೂರ್ತಿ ತೆರೆದುಕೊಂಡು ಫೀಲ್ಡ್ 3 ಆಂಪ್ ಹತ್ತಿರ ಎಳೆಯುತ್ತದೆ. ಆಗಲೇ ಮೀಟರ್ ಹಿಡಿಯಬೇಕು. ಕೆಂಪು ಪಿನ್ನು ಬಸ್ ಬಾರ್ ಮೇಲೆ, ಕಪ್ಪು ಪಿನ್ನು ರೆಗ್ಯುಲೇಟರ್ ತುದಿಗೆ. 0.72 ವೋಲ್ಟ್! 0.1, 0.2 ಇದ್ದರೆ ಸರಿ ಅನ್ನಬಹುದಿತ್ತು. ಕಪ್ಪು ಪಿನ್ನನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತಂದೆ. ಬ್ರೇಕರ್‌ನಲ್ಲಿ ಏನೂ ಇಲ್ಲ, ಕನೆಕ್ಟರ್‌ನಲ್ಲಿ ಏನೂ ಇಲ್ಲ. ಮಾಸ್ಟರ್ ಸ್ವಿಚ್ಚಿನ ಆಲ್ಟರ್ನೇಟರ್ ಕಡೆ ಒಂದರಲ್ಲೇ 0.6 ಬಿದ್ದಿತ್ತು. ವೈರಿನ ತುದಿಯ ಲೋಹದ ಥಿಂಬಲ್ ಅಂಚು ಕಪ್ಪಗಾಗಿ, ಪಕ್ಕದ ಪ್ಲಾಸ್ಟಿಕ್ ಬಿಸಿಗೆ ಕಂದು ತಿರುಗಿತ್ತು. ಬೆರಳಲ್ಲಿ ಅಲ್ಲಾಡಿಸಿದರೆ ಮೀಟರಿನ ಅಂಕಿಯೂ ಅಲ್ಲಾಡಿತು.

ಸ್ವಿಚ್ ದಾಟಿಸಿ ಫ್ಯೂಸ್ ಇರುವ ವೈರ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದೆವು. ಎಲ್ಲಾ ಲೈಟ್ ಹಾಕಿದೆವು. 14.2. ಅಲ್ಲೇ ನಿಂತಿತು. ಮಾವ ಹೆಬ್ಬೆರಳು ಎತ್ತಿದರು. ನಾನು ಕೂಗಿಯೇಬಿಟ್ಟೆ.

ಈಗ ರಾತ್ರಿ, ನಿದ್ದೆ ಬರುತ್ತಿಲ್ಲ. ಇದೇ ಮೇಲೆ ಹೋದಾಗ ಆಗಿದ್ದರೆ? ಎಂಜಿನ್‌ಗೆ ಕಿಡಿ ಕೊಡುವ ಎರಡು ಇಗ್ನಿಷನ್‌ಗಳಲ್ಲಿ ಒಂದು ಮ್ಯಾಗ್ನೆಟೋ, ಅದಕ್ಕೆ ಬ್ಯಾಟರಿ ಬೇಡ, ಸರಿ. ಇನ್ನೊಂದು ಎಲೆಕ್ಟ್ರಾನಿಕ್, ಜೊತೆಗೆ ಸ್ಕ್ರೀನು, ರೇಡಿಯೋ, ಪಂಪು. ಬ್ಯಾಟರಿ ಮೇಲೆ 17 ಆಂಪ್ ಅವರ್ ಅಂತಿದೆ. ಅದು 20 ಗಂಟೆ ನಿಧಾನಕ್ಕೆ ಎಳೆದರೆ ಸಿಗುವ ಲೆಕ್ಕ. 8, 9 ಆಂಪ್ ಎಳೆದರೆ ಅಷ್ಟು ಸಿಗಲ್ಲ. ಮಾವನನ್ನು ಕೇಳಿದ್ದಕ್ಕೆ, "ಅರ್ಧ ಗಂಟೆ ಅಂದ್ಕೋ, ಅಷ್ಟರಲ್ಲಿ ಇಳಿ" ಅಂದರು. ಅಂದ್ಕೊಳ್ಳೋದು ನನಗೆ ಸಾಲದು. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬ್ ಸೇರಿದರೆ ಹೆಚ್ಚುಕಮ್ಮಿ ಅಷ್ಟೇ ಲೋಡು. ಅದನ್ನು ಹಾಕಿ ಗಡಿಯಾರ ನೋಡುತ್ತಾ ಕೂರಬೇಕು, 11 ವೋಲ್ಟ್‌ಗೆ ಇಳಿಯುವವರೆಗೆ. ಆದರೆ ರೇಡಿಯೋ ಎಷ್ಟು ವೋಲ್ಟ್‌ವರೆಗೆ ಮಾತಾಡುತ್ತದೆ ಅನ್ನೋದನ್ನೂ ಜೊತೆಗೇ ನೋಡಬೇಕಲ್ವಾ, ಅದು 11ಕ್ಕೂ ಮೊದಲೇ ಕೈಕೊಟ್ಟರೆ?