ಕಾರಿಗೆ ಜಿಪಿಎಸ್ ಹಾಕಿಸಬೇಕೇ?

ಹೊಸ ಕಾರು ಕೊಂಡ ಪರಿಚಿತರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಇಪ್ಪತ್ತು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಬೆಂಗಳೂರಿನಿಂದ ಪುತ್ತೂರಿಗೆ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ ಎಂಬುದಷ್ಟೇ ಇದಕ್ಕೆ ಉತ್ತರಿಸಲು ನನಗಿರುವ ಅರ್ಹತೆ. ದಾರಿ ತೋರಿಸುವುದಕ್ಕೆಂದೇ ಬೇರೆ ಸಾಧನ ಕೊಳ್ಳುವ ಅಗತ್ಯ ಬಹುಪಾಲು ಜನರಿಗಿಲ್ಲ, ಕಿಸೆಯಲ್ಲಿರುವ ಫೋನೇ ಸಾಕು ಎಂಬುದು ನನ್ನ ಉತ್ತರ. ಆದರೆ ಆ ಫೋನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಓಡಿಸುವವರು ತಿಳಿದಿರಬೇಕು.

"ಘಾಟಿಯಲ್ಲಿ ನೆಟ್‌ವರ್ಕೇ ಇರುವುದಿಲ್ಲ, ಫೋನು ಹೇಗೆ ದಾರಿ ತೋರಿಸೀತು?" ಎಂಬುದು ಬೇರೆ ಸಾಧನ ಬೇಕೆನ್ನುವವರ ಮುಖ್ಯ ವಾದ. ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ನಾವು ಎಲ್ಲಿದ್ದೇವೆ ಎಂಬುದನ್ನು ಫೋನು ತಿಳಿದುಕೊಳ್ಳುವುದು ಮೊಬೈಲ್ ಗೋಪುರವೊಂದರಿಂದಲೇ ಅಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳು ಸದಾ ಸಮಯವನ್ನು ಸಾರುತ್ತಿರುತ್ತವೆ. ಆ ಸಂಕೇತ ನಮ್ಮನ್ನು ತಲುಪಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ, ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಎಷ್ಟೆಷ್ಟು ತಡವಾಗಿ ಬಂದವು ಎಂಬುದನ್ನು ಲೆಕ್ಕ ಹಾಕಿ ಫೋನು ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಲೆಕ್ಕ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುವುದರಿಂದ ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನೇ ಇಟ್ಟಿದ್ದಾರೆ. ಈ ವ್ಯವಹಾರದಲ್ಲಿ ಫೋನು ಕೇಳಿಸಿಕೊಳ್ಳುತ್ತದೆಯೇ ಹೊರತು ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಸಿಮ್ ಇಲ್ಲದಿದ್ದರೂ ಅದು ನಡೆಯುತ್ತದೆ. ಮೊಬೈಲ್ ನೆಟ್‌ವರ್ಕ್ ಇದ್ದರೆ ಮೊದಲ ಬಾರಿ ಉಪಗ್ರಹಗಳನ್ನು ಹುಡುಕುವ ಕೆಲಸ ಬೇಗ ಮುಗಿಯುತ್ತದೆ, ಅಷ್ಟೆ.

ಇಂಟರ್‌ನೆಟ್ ಬೇಕಾಗುವುದು ನಕ್ಷೆಗೆ. ಹೊರಡುವ ಮುನ್ನ ಮನೆಯ ವೈಫೈಯಲ್ಲಿ ಹೋಗುವ ಪ್ರದೇಶದ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಆ ಕೊರತೆಯೂ ತೀರುತ್ತದೆ. ಆಗ ಟ್ರಾಫಿಕ್ ಎಲ್ಲಿದೆ ಎಂಬಂಥ ಆ ಹೊತ್ತಿನ ಸುದ್ದಿ ಬಿಟ್ಟರೆ ದಾರಿಗೆ ಬೇಕಾದದ್ದು ಬಹುತೇಕ ಸಿಗುತ್ತದೆ. ಜಿಪಿಎಸ್‌ನಂತೆಯೇ ಜಾಗ ತಿಳಿಸುವ, ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹಾರಿತು. ಅಂಥ ಉಪಗ್ರಹಗಳನ್ನು ಇಸ್ರೊ ನಿಯಂತ್ರಿಸುವ ಕೇಂದ್ರವೊಂದು ಇರುವುದು ಹಾಸನದಲ್ಲಿ. ಆ ಹಾಸನವನ್ನು ದಾಟಿ, ಸಕಲೇಶಪುರವನ್ನೂ ಬಿಟ್ಟು ಶಿರಾಡಿ ಇಳಿಯತೊಡಗಿದರೆ ಮನೆಗೊಂದು ಕರೆ ಮಾಡಲೂ ನನ್ನ ಫೋನಿಗೆ ಸಿಗ್ನಲ್ ಸಿಗುವುದಿಲ್ಲವೆಂಬುದನ್ನು ನೆನೆದು ಪ್ರತಿ ಸಲವೂ ನಗು ಬರುತ್ತದೆ. ಆದರೂ ತೆರೆಯ ಮೇಲಿನ ನೀಲಿ ಚುಕ್ಕೆ ತಿರುವು ತಿರುವಿಗೂ ನನ್ನ ಜೊತೆಗೇ ಇಳಿಯುತ್ತಿರುತ್ತದೆ.

ಹಾಗಾದರೆ ಫೋನಿಗೆ ಗೊತ್ತಿಲ್ಲದ್ದು ಯಾವುದು? ರಸ್ತೆ. ಉಪಗ್ರಹ ಹೇಳುವುದು ನಾವು ಎಲ್ಲಿದ್ದೇವೆ ಎಂಬುದನ್ನು ಮಾತ್ರ. ಮುಂದಿನ ರಸ್ತೆ ಹೇಗಿದೆ ಎಂಬುದು ಯಾರೋ ಯಾವಾಗಲೋ ನಕ್ಷೆಯಲ್ಲಿ ದಾಖಲಿಸಿದ ಮಾಹಿತಿ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ರಾಮಗಂಗಾ ಸೇತುವೆಯಿಂದ ಕಾರೊಂದು ಕೆಳಗೆ ಬಿದ್ದು ಮೂವರು ಸತ್ತರು. ಅವರು ನಕ್ಷೆಯನ್ನು ನಂಬಿ ಆ ದಾರಿ ಹಿಡಿದಿದ್ದರೆಂದು ಆಗ ವರದಿಯಾಗಿತ್ತು. ಅಂಥ ಕಡೆ ಸಾವಿರಾರು ರೂಪಾಯಿಯ ಪ್ರತ್ಯೇಕ ಸಾಧನವಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ, ಏಕೆಂದರೆ ಅದರೊಳಗಿರುವ ನಕ್ಷೆ ಸಾಮಾನ್ಯವಾಗಿ ಫೋನಿನ ನಕ್ಷೆಗಿಂತಲೂ ಹಳೆಯದು.

ನನ್ನದೇ ಅನುಭವವನ್ನು ಹೇಳುವುದಾದರೆ, ಒಂದು ಜುಲೈಯಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದಾಗ ಫೋನು ಶಿರಾಡಿಯನ್ನು ಬಿಟ್ಟು ಬಿಸ್ಲೆ ಘಾಟಿಯತ್ತ ತಿರುಗಲು ಹೇಳಿತು. ಕಿಲೋಮೀಟರ್ ಲೆಕ್ಕದಲ್ಲಿ ಅದು ಹೇಳಿದ್ದು ಸರಿಯೇ. ಒಂದೇ ವಾಹನ ಹೋಗುವಷ್ಟು ಅಗಲದ ಕಾಡಿನ ರಸ್ತೆ, ಎಡೆಬಿಡದ ಮಳೆ, ಅರ್ಧ ದಾರಿಯಲ್ಲಿ ಅಡ್ಡಬಿದ್ದ ಮರ ಇವು ಯಾವುವೂ ಆ ಲೆಕ್ಕದಲ್ಲಿ ಇರಲಿಲ್ಲ. ಕಾರು ತಿರುಗಿಸುವಷ್ಟು ಜಾಗ ಸಿಗುವವರೆಗೆ ಹಿಂದಕ್ಕೆ ಹಿಂದಕ್ಕೆ ಬಂದದ್ದನ್ನು ನನ್ನ ಹೆಂಡತಿ ಇಂದಿಗೂ ನೆಂಟರ ಮುಂದೆ ಹೇಳಿ ನಗಿಸುತ್ತಾಳೆ. ಹಾಗೆಯೇ ಬಂಡೀಪುರ ಕಾಡಿನೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಗುಂಡ್ಲುಪೇಟೆಯನ್ನು ಒಂಬತ್ತೂವರೆಗೆ ತಲುಪುವವನಿಗೆ ಊಟಿಗೆ ಇನ್ನೆಷ್ಟು ದೂರವಿದೆ ಎಂದು ತಿಳಿದು ಆಗಬೇಕಾದದ್ದೇನೂ ಇಲ್ಲ.

ಊರ ಹೆಸರುಗಳದು ಇನ್ನೊಂದು ಪೇಚು. ಕರ್ನಾಟಕದಲ್ಲಿ ಹೊಸಹಳ್ಳಿ, ರಾಮಪುರ ಎಂಬ ಊರುಗಳು ಎಷ್ಟಿವೆಯೋ ದೇವರೇ ಬಲ್ಲ. ಮದುವೆಯ ಕರೆಯೋಲೆಯಲ್ಲಿದ್ದ ಊರ ಹೆಸರನ್ನು ಹಾಗೆಯೇ ಟೈಪು ಮಾಡಿ, ಧಾರೆಯ ಹೊತ್ತಿಗೆ ಬೇರೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ನಿಂತಿದ್ದವರು ನನಗೆ ಗೊತ್ತು. ಕರೆದವರಿಂದ ಲೊಕೇಶನ್ ತರಿಸಿಕೊಳ್ಳುವುದು ಉತ್ತಮ. ಅದಾಗದಿದ್ದರೆ ಹತ್ತಿರದ ಹೋಬಳಿಯ ಹೆಸರನ್ನಾದರೂ ಸೇರಿಸಿ ಹುಡುಕಬೇಕು. ದಾರಿಯಲ್ಲಿ ಕೇಳಿದರಾಯಿತು ಎನ್ನುವವರಿಗೂ ಒಂದು ಮಾತು: ನಮ್ಮ ಕಡೆ "ಇಲ್ಲೇ ಸ್ವಲ್ಪ ಮುಂದೆ" ಎಂದರೆ ಅರ್ಧ ಕಿಲೋಮೀಟರೂ ಆಗಬಹುದು, ಆರು ಕಿಲೋಮೀಟರೂ ಆಗಬಹುದು.

ಕಾನೂನಿನ ವಿಷಯ ಚಿಕ್ಕದು. ಗಮನಕ್ಕೆ ಭಂಗ ಬಾರದಂತೆ, ದಾರಿ ನೋಡುವುದಕ್ಕೆ ಮಾತ್ರ ಫೋನನ್ನು ಬಳಸಬಹುದೆಂದು ಕೇಂದ್ರದ ನಿಯಮಗಳು 2020ರಿಂದ ಸ್ಪಷ್ಟವಾಗಿ ಹೇಳುತ್ತವೆ. ಆದ್ದರಿಂದ ಫೋನು ಕೈಯಲ್ಲಾಗಲಿ ತೊಡೆಯ ಮೇಲಾಗಲಿ ಇರಕೂಡದು, ಗಟ್ಟಿಯಾದೊಂದು ಸ್ಟ್ಯಾಂಡಿನಲ್ಲಿರಬೇಕು. ಬಾಡಿಗೆ ವಾಹನ ಇಟ್ಟುಕೊಂಡವರು ಕೇಳುವ "ಜಿಪಿಎಸ್" ಬೇರೆಯದೇ ವಸ್ತು: 2019ರಿಂದ ಹೊಸ ಟ್ಯಾಕ್ಸಿ, ಬಸ್ಸುಗಳಲ್ಲಿ ಕಡ್ಡಾಯವಾಗಿರುವ, ತುರ್ತು ಗುಂಡಿಯುಳ್ಳ ಆ ಪೆಟ್ಟಿಗೆ ವಾಹನ ಎಲ್ಲಿದೆ ಎಂಬುದನ್ನು ಬೇರೆಯವರಿಗೆ ತಿಳಿಸುತ್ತದೆ, ಚಾಲಕನಿಗೆ ದಾರಿ ಹೇಳುವುದಿಲ್ಲ.

ಪ್ರತ್ಯೇಕ ಸಾಧನ ಯಾರಿಗೂ ಬೇಡವೆಂದು ನಾನು ಹೇಳಲಾರೆ. ದಿನವಿಡೀ ಬಿಸಿಲಿನಲ್ಲಿ ಓಡಿಸುವವರ ಫೋನು ಗಾಜಿನ ಹಿಂದೆ ಕಾದು ಆಫ್ ಆಗಿಬಿಡಬಹುದು. ಬೈಕಿನ ಹ್ಯಾಂಡಲಿಗೆ ಫೋನು ಕಟ್ಟುವವರಿಗೆ, ಎಂಜಿನ್ನಿನ ಕಂಪನದಿಂದ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಇಂಥವರು ಕೊಳ್ಳಲಿ. ಮಿಕ್ಕವರು ಆ ಹಣದಲ್ಲಿ ಒಳ್ಳೆಯ ಸ್ಟ್ಯಾಂಡು, ಚಾರ್ಜರು ಕೊಂಡರೂ ಊರಿಗೆ ಹೋಗಿಬರುವ ಪೆಟ್ರೋಲಿಗೆ ಒಂದಿಷ್ಟು ಉಳಿಯುತ್ತದೆ.

ಮಳೆಗಾಲದಲ್ಲಂತೂ ನಾನು ಮ್ಯಾಪ್ ಹಾಕುವ ಮೊದಲು ಸಕಲೇಶಪುರದ ಹೋಟೆಲಿನವರೊಬ್ಬರಿಗೆ ಫೋನು ಮಾಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಶಿರಾಡಿ, ಸಂಪಾಜೆ ಎರಡೂ ಬಂದಾದಾಗ ಶುರುವಾದ ಅಭ್ಯಾಸವಿದು. ಹೋದ ಸಲ ಅವರು ಹೇಳಿದ್ದು ಇಷ್ಟು: "ಮಾರನಹಳ್ಳಿ ಹತ್ರ ಒಂದೇ ಸೈಡ್ ಗಾಡಿ ಬಿಡ್ತಾವ್ರೆ ಸಾರ್, ಕತ್ತಲಾಗೋದ್ರೊಳಗೆ ದಾಟ್ಬಿಡಿ."