ಭಜನಾ ಮಂದಿರದ ಕರಿ ಹಲಗೆ

ನಮ್ಮ ಭಜನಾ ಮಂದಿರದ ಜಗಲಿಯಲ್ಲಿ ಒಂದು ಕರಿ ಹಲಗೆ ಇದೆ. ಮೊದಲು ಅದರಲ್ಲಿ ಈ ಶನಿವಾರದ ಭಜನೆ ಯಾರ ಸೇವೆ, ಪ್ರಸಾದ ಯಾರ ಮನೆಯದ್ದು ಅಂತ ಮಾತ್ರ ಇರುತ್ತಿತ್ತು. ಈಗ ಎಡಗಡೆ ಮಂದಿರದ ವಿಷಯ, ಬಲಗಡೆ ಊರಿನ ವಿಷಯ. ಬಲಗಡೆಯದ್ದನ್ನು ಪ್ರತಿ ಸೋಮವಾರ ಬೆಳಿಗ್ಗೆ ನಾನು ಬರೆಯುತ್ತೇನೆ.

ನಾನು ಉಡುಪಿ ಜಿಲ್ಲೆಯ ಕಾಪುವಿನವನು. ಮನೆಯಿಂದ ನಡೆದರೆ ಹತ್ತು ನಿಮಿಷದಲ್ಲಿ ಸಮುದ್ರ, 1901ರ ದೀಪಸ್ತಂಭ. ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದೆ. ನಮ್ಮಲ್ಲಿ ಮನೆಗೊಬ್ಬ ಹುಡುಗ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕೆ ಹೋದ ಕಾಲ ಅದು. ಮನಿ ಆರ್ಡರ್ ಬರುತ್ತಿತ್ತು. ಫಾರ್ಮಿನ ಕೆಳಗೆ ಎರಡು ಮೂರು ಸಾಲು ಬರೆಯಲು ಜಾಗ. ಅಮ್ಮಂದಿರು ಮೊದಲು ದುಡ್ಡು ಎಣಿಸುತ್ತಿರಲಿಲ್ಲ. 'ಎಂತ ಬರ್ದಿದ್ದಾನೆ, ಓದಿ' ಅನ್ನುತ್ತಿದ್ದರು. ಅದನ್ನು ಎರಡು ಸಲ ಓದಿಸಿಕೊಂಡ ಮೇಲೆಯೇ ಹೆಬ್ಬೆಟ್ಟು.

ಈಗ ಅದೇ ಮನೆಗಳಿಂದ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. 'ಮಾಷ್ಟ್ರೇ, ಉಂದು ದಾದಂದ್ ತೂಲೆ.' ಇದೇನಂತ ನೋಡಿ. ವಾರ್ಡಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ ಪ್ರಕಟಣೆ. ಚಿಕ್ಕ ಅಕ್ಷರ, ಓರೆಯಾಗಿ ತೆಗೆದ ಫೋಟೊ. ಅದರ ಮೇಲೆ ಕೆಳಗೆ ಇಪ್ಪತ್ತು ಗುಡ್ ಮಾರ್ನಿಂಗ್.

ಹಲಗೆ ಶುರುವಾದದ್ದು ಒಂದು ಸಾವಿನಿಂದ. ನಮ್ಮ ಓಣಿಯ ಅಕ್ಕ ಒಬ್ಬರ ಗಂಡ ಮನೆಯಲ್ಲೇ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಆಯಿತು, ಪೇಪರಿನಲ್ಲಿ ಫೋಟೊ ಬಂತು, ನೆಂಟರೆಲ್ಲ ಬಂದು ಹೋದರು. ಎಂಟು ತಿಂಗಳ ನಂತರ ಮನೆಯ ದಾಖಲೆ ತನ್ನ ಹೆಸರಿಗೆ ಮಾಡಿಸಲು ಹೋದಾಗ ಮರಣ ಪತ್ರ ಕೇಳಿದರು. 'ಪೇಪರಿನಲ್ಲಿ ಬಂದಿದೆ ಅಲ್ವಾ?' ಅಂತ ಅಕ್ಕ ಕೇಳಿದರಂತೆ.

ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಮನೆಯವರೇ ಹೋಗಿ ಹೇಳಬೇಕು. 21 ದಿನದೊಳಗೆ ಹೇಳಿದರೆ ಖರ್ಚಿಲ್ಲ. 30 ದಿನದವರೆಗೆ ಸ್ವಲ್ಪ ವಿಳಂಬ ಶುಲ್ಕ. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಕಾನೂನು 1969ರದ್ದು, ಹೊಸತಲ್ಲ. ಆದರೆ ಬೊಜ್ಜದ ಮನೆಗೆ ಬಂದ ನಾವು ಅಷ್ಟು ಜನರಲ್ಲಿ ಒಬ್ಬರೂ ಅಕ್ಕನಿಗೆ ಇದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಗೊತ್ತಿತ್ತು. ಅವರು ಆಮೇಲೆ ಎರಡು ತಿಂಗಳು ಓಡಾಡಿದರು. ಒಂದು ಕಡೆ ಇವತ್ತು ಬನ್ನಿ, ಇನ್ನೊಂದು ಕಡೆ ನಾಳೆ ಬನ್ನಿ. ಆ ಬಿಸಿಲಲ್ಲಿ ಛತ್ರಿ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಿದ್ದ ಅವರನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಮುಂದಿನ ಸೋಮವಾರ ಮಂದಿರದವರನ್ನು ಕೇಳಿ ಹಲಗೆಯ ಅರ್ಧ ಭಾಗ ತೆಗೆದುಕೊಂಡೆ. ಮೊದಲು ಬರೆದದ್ದು ಇದು: 'ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ. ಬೊಜ್ಜ ಮುಗಿಸಿ ಹೋದರೂ ಸಮಯ ಇದೆ.' ಆ ಸಾಲನ್ನು ಇವತ್ತಿಗೂ ಅಳಿಸಿಲ್ಲ. ಕೆಳಗಿನ ಮೂಲೆಯಲ್ಲಿ ಬಿಳಿ ಪೇಂಟಿನಲ್ಲೇ ಬರೆಸಿದ್ದೇನೆ.

ಮೊದಲು ಇಷ್ಟು ಕಷ್ಟ ಇರಲಿಲ್ಲ ಅಂತ ನನಗೆ ಅನಿಸುತ್ತದೆ. ಕಾಪು, ಮಲ್ಲಾರು, ಉಳಿಯಾರಗೋಳಿ ಗ್ರಾಮ ಪಂಚಾಯತ್‌ಗಳು ಸೇರಿ ಪುರಸಭೆ ಆಯಿತು. ರಸ್ತೆ, ಬೀದಿ ದೀಪ, ಕಸದ ಗಾಡಿ ಎಲ್ಲ ಬಂತು, ಒಳ್ಳೆಯದೇ. ಆದರೆ ಪಂಚಾಯತ್ ಕಾಲದಲ್ಲಿ ಗ್ರಾಮಸಭೆ ಇತ್ತು. ಶಾಲೆಯ ಬೆಂಚಿನಲ್ಲಿ ಕೂತು ಯಾರು ಬೇಕಾದರೂ ಎದ್ದು ಕೇಳಬಹುದಿತ್ತು. ಕೃಷಿ ಇಲಾಖೆಯವರು, ಕರೆಂಟಿನವರು, ಆರೋಗ್ಯ ಕೇಂದ್ರದವರು ಎದುರಲ್ಲೇ ನಿಂತು ಮಾಹಿತಿ ಕೊಡುತ್ತಿದ್ದರು. ಜಗಳವೂ ಆಗುತ್ತಿತ್ತು. ಜಗಳದಲ್ಲೇ ಅರ್ಧ ಸುದ್ದಿ ಊರಿಗೆ ಗೊತ್ತಾಗುತ್ತಿತ್ತು. ಪುರಸಭೆಯಲ್ಲಿ ಸಭೆ ಸೇರುವವರು ಸದಸ್ಯರು. ನಾವೆಲ್ಲ ಕೂತು ಕೇಳುವ ಆ ಸಭೆ ಹೋಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಬರೆಯುವ ಕೆಲಸಕ್ಕಿಂತ ಬಿಡಿಸುವ ಕೆಲಸ ಜಾಸ್ತಿ. ಪ್ರಕಟಣೆ ಹೀಗೆ ಬರುತ್ತದೆ: 'ಸದರಿ ದಿನದಂದು ತುರ್ತು ದುರಸ್ತಿ ಕಾಮಗಾರಿ ನಿಮಿತ್ತ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.' ನಾನು ಬರೆಯುವುದು: 'ಬುಧವಾರ ನೀರಿಲ್ಲ. ಮಂಗಳವಾರವೇ ತುಂಬಿಸಿಡಿ.' ವ್ಯತ್ಯಯ ಅಂದರೆ ನೀರು ಬರುವುದೇ ಇಲ್ಲವಾ, ಕಡಿಮೆ ಬರುತ್ತದಾ, ತಡವಾಗಿ ಬರುತ್ತದಾ? ಅದನ್ನು ತಿಳಿಯಲು ನೀರು ಬಿಡುವ ಹುಡುಗನಿಗೇ ಫೋನ್ ಮಾಡುತ್ತೇನೆ. ಅವನಿಗೆ ಎಲ್ಲಾ ಸರಿಯಾಗಿ ಗೊತ್ತಿರುತ್ತದೆ. 2019ರ ಮೇ ತಿಂಗಳಲ್ಲಿ ಉಡುಪಿ ಪೇಟೆಗೆ ನೀರು ಕೊಡುವ ಬಜೆ ಅಣೆಕಟ್ಟು ಬತ್ತಿಹೋದಾಗ ಅಲ್ಲಿದ್ದ ನನ್ನ ತಂಗಿ ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದೆ ಕೆಲಸಕ್ಕೆ ರಜೆ ಹಾಕಿ ಕೂತಿದ್ದಳು. ನೀರು ಇಲ್ಲದ ಕಷ್ಟ ಒಂದು. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಕಷ್ಟ ಅದಕ್ಕಿಂತ ದೊಡ್ಡದು ಅನ್ನುತ್ತಾಳೆ.

ಏಪ್ರಿಲ್‌ನಲ್ಲಿ ದೊಡ್ಡದಾಗಿ ಬರೆಯುವುದು ಮನೆ ತೆರಿಗೆ. ಆ ತಿಂಗಳಲ್ಲೇ ಕಟ್ಟಿದರೆ 5% ರಿಯಾಯಿತಿ. ಜುಲೈಯಿಂದ ತಿಂಗಳಿಗೆ 2% ದಂಡ. ಮಳೆಗಾಲದ ರಜೆಗೆ ಮೊದಲು ಮೀನುಗಾರರ ಉಳಿತಾಯ ಯೋಜನೆಯದ್ದು: ನಾವು ಕಟ್ಟಿದ ದುಡ್ಡಿಗೆ ರಾಜ್ಯ, ಕೇಂದ್ರ ಎರಡೂ ತಮ್ಮ ಪಾಲು ಸೇರಿಸಿ ಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟುಗಳು ದಡದಲ್ಲಿರುವಾಗ ಆ ದುಡ್ಡು ಅಕ್ಕಿಗೆ, ಶಾಲೆಯ ಪುಸ್ತಕಕ್ಕೆ ಆಗುತ್ತದೆ. ಯಾವ ಅರ್ಜಿ ಕೊಟ್ಟರೂ ಸಕಾಲದ, ಅಂದರೆ ಇಷ್ಟು ದಿನದೊಳಗೆ ಕೆಲಸ ಆಗಬೇಕು ಅನ್ನುವ ಸರಕಾರಿ ವ್ಯವಸ್ಥೆಯ, ಚೀಟಿ ಕೇಳಿ ಅಂತಲೂ ಬರೆದಿದ್ದೇನೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಅವಧಿ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ದುಡ್ಡಿಗಿಂತ ಮುಖ್ಯ, ಚೀಟಿ ಕೈಯಲ್ಲಿದ್ದರೆ ನಮ್ಮ ಅರ್ಜಿ ಬಂದೇ ಇಲ್ಲ ಅಂತ ಯಾರೂ ಹೇಳಲು ಆಗುವುದಿಲ್ಲ.

ಒಂದು ತಪ್ಪು ಮಾಡಿದ್ದೇನೆ. ಪಿಂಚಣಿ ಶಿಬಿರ ಇದೆ ಅಂತ ಗುಂಪಿನಲ್ಲಿ ಬಂದದ್ದನ್ನು ವಿಚಾರಿಸದೆ ಬರೆದುಬಿಟ್ಟೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ನಿಂತುಹೋಗಿದ್ದ ನಾಲ್ಕು ಅಜ್ಜಿಯಂದಿರು ಸೇರಿ ರಿಕ್ಷಾ ಮಾಡಿಕೊಂಡು ಹೋದರು. ಅಲ್ಲಿ ಶಿಬಿರವೇ ಇರಲಿಲ್ಲ. ಸಂಜೆ ನಾಲ್ಕೂ ಮನೆಗೆ ಹೋಗಿ ಕ್ಷಮೆ ಕೇಳಿದೆ, ರಿಕ್ಷಾದ ದುಡ್ಡು ಕೊಟ್ಟೆ. ಒಬ್ಬರು ತೆಗೆದುಕೊಳ್ಳಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆವತ್ತಿನಿಂದ ಮೊಹರು ನೋಡದೆ, ಇಲ್ಲವೇ ಕಚೇರಿಗೆ ಫೋನ್ ಮಾಡದೆ ಹಲಗೆ ಮುಟ್ಟುವುದಿಲ್ಲ.

ವಾರ್ಡಿನ ಸದಸ್ಯರಿಗೆ, ಕಚೇರಿಯವರಿಗೆ ನನ್ನದೊಂದು ಕೇಳಿಕೆ. ಪ್ರಕಟಣೆಯ ಮೊದಲ ಸಾಲಿನಲ್ಲೇ ಏನು, ಯಾವತ್ತಿನ ಒಳಗೆ, ಯಾವ ಕಾಗದ ತರಬೇಕು ಅಂತ ಹಾಕಿ. ಉಲ್ಲೇಖ, ಕಡತದ ನಂಬರ್ ಎಲ್ಲ ಕೆಳಗೆ ಇರಲಿ. ಒಂದು ಪ್ರತಿಯನ್ನು ರೇಷನ್ ಅಂಗಡಿಗೆ, ಒಂದನ್ನು ಅಂಗನವಾಡಿಗೆ ಕಳಿಸಿ. ಮೊಬೈಲ್ ಇಲ್ಲದವರೂ ಅಲ್ಲಿಗೆ ಬಂದೇ ಬರುತ್ತಾರೆ.

ಈಚೆಗೆ ನನ್ನ ಕೈ ಸ್ವಲ್ಪ ನಡುಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಗೆ ಹೋಗುವ ಮೊದಲು ಬಂದು ಬರೆದುಕೊಡುತ್ತಾಳೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಕಳೆದ ವಾರ 'ಫಲಾನುಭವಿಗಳು' ಅಂದೆ. ಅವಳು ಸೀಮೆಸುಣ್ಣ ಎತ್ತಿ ಹಿಡಿದು ತಿರುಗಿದಳು. 'ಅಜ್ಜ, ಹಾಗಂದ್ರೆ ಯಾರು?' ಪಿಂಚಣಿ ಸಿಗುವವರು ಅಂದೆ. 'ಮತ್ತೆ ಹಾಗೇ ಬರೀಲಾ?'

ಹಾಗೇ ಬರೆದಳು. ಹೊತ್ತಾಯಿತು ಅಂತ ಕೈ ಒರೆಸಿಕೊಂಡು ಬಸ್ಸಿಗೆ ಓಡಿದಳು.